ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿ?

ಭಾಗ 1: ಎರಡು ಕಾರ್ಡು

ಫೋಟೋದಲ್ಲಿ ಎರಡು ವಸ್ತು ಇವೆ ನೋಡಿ. ಎಡಕ್ಕಿರೋದು ನಮ್ಮ ತಾತನ ಬಿಜಿಎಂಎಲ್ ಕಾರ್ಡ್. ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ಮಾಡಿದವರು. ಬಲಕ್ಕಿರೋದು ಚಿಕ್ಕಪ್ಪನ ಪಾಸ್‌ಪೋರ್ಟ್. ನಂಬರ್ ಕಾಣಬಾರದು ಅಂತ ಬೆರಳು ಅಡ್ಡ ಇಟ್ಟಿದ್ದೀನಿ, ಫೋಟೋ ಚೆನ್ನಾಗಿ ಬಂದಿಲ್ಲ, ಕ್ಷಮಿಸಿ.

ತಾತ ತೀರಿಕೊಂಡಾಗ ನಾನು ಹತ್ತನೇ ಕ್ಲಾಸು. ಚಿಕ್ಕಪ್ಪ ಗಲ್ಫಲ್ಲಿದ್ರು. ಮನೆಯವರೆಲ್ಲಾ ಸೇರಿ ಟಿಕೆಟ್‌ಗೆ ದುಡ್ಡು ಹೊಂದಿಸಿದ್ವಿ. ಆದ್ರೆ ಅವರ ಪಾಸ್‌ಪೋರ್ಟ್ ಅವರ ಹತ್ರ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಕಂಪನಿಯವರು ಇಸ್ಕೊಂಡು ಬೀರುವಿನಲ್ಲಿ ಇಟ್ಟಿದ್ರು. ಬೀರು ಕೀ ಇಟ್ಟುಕೊಂಡಿರೋ ಸಾಹೇಬ್ರು ರಜೆ ಮೇಲಿದ್ದಾರೆ ಅಂದ್ರು. ಚಿಕ್ಕಪ್ಪ ತಮ್ಮ ಅಪ್ಪನ ಅಂತ್ಯಕ್ರಿಯೆಯನ್ನ ನನ್ನ ಮೊಬೈಲ್ ವಿಡಿಯೋ ಕಾಲಲ್ಲಿ ನೋಡಿದ್ರು. ನಾನೇ ಹಿಡಿದುಕೊಂಡು ನಿಂತಿದ್ದೆ. ಹದಿನಾರನೇ ದಿನದ ಕಾರ್ಯಕ್ಕೆ ಊರಿಗೆ ಬಂದ್ರು.

ಈಗ ಯಾಕೆ ಈ ಕಥೆ ಅಂದ್ರೆ, ನಮ್ಮ ಬಿಕಾಂ ಕ್ಲಾಸಿನ ಇಬ್ಬರು ಫಾರಿನ್ ಕೆಲಸಕ್ಕೆ ಏಜೆಂಟ್ ಹತ್ರ ಮಾತಾಡ್ತಿದ್ದಾರೆ. ಏಜೆಂಟ್ ಮೊದಲನೇ ದಿನವೇ ಹೇಳಿದ್ದು: "ಒರಿಜಿನಲ್ ಪಾಸ್‌ಪೋರ್ಟ್ ಕೊಟ್ಟು ಹೋಗಿ, ಉಳಿದಿದ್ದು ನಾನು ನೋಡ್ಕೋತೀನಿ."

ಕೊಡೋಕೆ ಮುಂಚೆ ಈ ಸೀರೀಸ್ ಓದಿ. ಎಂಟು ಪೋಸ್ಟ್, ಅಷ್ಟೇ. ಗಡಿ ದಾಟೋ ಕಾಗದದ ಕಥೆ ನಮ್ಮ ಕೆಜಿಎಫ್, ಬಂಗಾರಪೇಟೆಯಿಂದಲೇ ಶುರು ಮಾಡ್ತೀನಿ.

ಭಾಗ 2: ಬೌರಿಂಗ್‌ಪೇಟೆ ಸ್ಟೇಷನ್

ನೀವು ದಿನಾ ಟ್ರೈನ್ ಹಿಡಿಯೋ ಬಂಗಾರಪೇಟೆಗೆ ಹಿಂದಿನ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ. ಚಿನ್ನದ ಗಣಿಗೆ ಇಲ್ಲಿಂದ ಕವಲು ಲೈನ್ ಹಾಕಿದ್ದು 1894ರಲ್ಲಿ.

ಆ ಕಾಲದಲ್ಲಿ ಈ ಸ್ಟೇಷನ್‌ಗೆ ಯಾರ್ಯಾರು ಇಳಿದ್ರು ಯೋಚನೆ ಮಾಡಿ. ಉತ್ತರ ಆರ್ಕಾಟ್‌ನಿಂದ ಬಂದ ನಮ್ಮಂಥ ಕೂಲಿ ಕುಟುಂಬಗಳು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಮೇಸ್ತ್ರಿಗಳು. ಇಟಲಿಯವರೂ ಇದ್ರು. ನಮ್ಮವರು ಮದ್ರಾಸ್ ಪ್ರೆಸಿಡೆನ್ಸಿ ಬಿಟ್ಟು ಮೈಸೂರು ಸಂಸ್ಥಾನಕ್ಕೆ ಬಂದ್ರು. ಕಾರ್ನ್‌ವಾಲ್‌ನವರು ಸಮುದ್ರ ದಾಟಿ ಬಂದ್ರು. 1914ಕ್ಕೆ ಮುಂಚೆ ಇಬ್ಬರಿಗೂ ಪಾಸ್‌ಪೋರ್ಟ್ ಬೇಕಿರಲಿಲ್ಲ. ಟಿಕೆಟ್ ಇದ್ರೆ ಆಯ್ತು.

ಆದ್ರೆ "ಪಾಸ್‌ಪೋರ್ಟ್" ಅನ್ನೋ ಪದ ಈ ರೈಲು ಲೈನಿಗೆ ಬೇರೆ ದಾರಿಯಲ್ಲಿ ಬಂತು. 1898ರ ಆಗಸ್ಟಲ್ಲಿ ಬೆಂಗಳೂರಿಗೆ ಪ್ಲೇಗ್ ಬಡೀತು. ಹಿಂದಿನ ವರ್ಷ ತಾನೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತ್ತು. ಹೌದು, ಕೋವಿಡ್ ಟೈಮಲ್ಲಿ ನಾವು ಕೇಳಿದ ಅದೇ 1897ರ ಕಾಯ್ದೆ. ಪ್ಲೇಗ್ ಇರೋ ಊರಿಂದ ಮದ್ರಾಸ್ ಪ್ರೆಸಿಡೆನ್ಸಿಗೆ ಹೋಗೋರನ್ನ ಸ್ಟೇಷನ್‌ನಲ್ಲಿ ಇಳಿಸಿ ತಪಾಸಣೆ ಮಾಡಿ, ಒಂದು ಚೀಟಿ ಕೊಡ್ತಿದ್ರು. ಅದಕ್ಕೆ ಹೆಸರು ಪ್ಲೇಗ್ ಪಾಸ್‌ಪೋರ್ಟ್. ಎಲ್ಲಿಗೆ ಹೋಗ್ತೀಯ, ಯಾರ ಮನೇಲಿ ಇರ್ತೀಯ ಬರೆಸಬೇಕು. ಹೋದ ಊರಲ್ಲಿ ಹತ್ತು ದಿನ ಅಧಿಕಾರಿ ಮುಂದೆ ಹಾಜರಾಗಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಚೀಟಿ ಕೇಳ್ತಿದ್ದ ಪ್ರಶ್ನೆ "ನೀನು ಯಾರು" ಅಲ್ಲ. "ನಿನ್ನಿಂದ ನಮಗೆ ಏನು ಅಪಾಯ" ಅನ್ನೋದು. ಕಾಗದ ಹುಟ್ಟೋದು ಅನುಮಾನದಿಂದ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3: ಒಂದೇ ಜಿಲ್ಲೆ, ಮೂರು ದಾರಿ

ನಮ್ಮ ಮುತ್ತಾತ ಉತ್ತರ ಆರ್ಕಾಟ್ ಕಡೆಯವರು. ಕೆಜಿಎಫ್‌ನಲ್ಲಿ ಅರ್ಧ ಮನೆಗಳ ಕಥೆ ಇದೇ. ಬರ, ಸಾಲ, ಜಾತಿ, ಎಲ್ಲಾ ಸೇರಿ ತಮಿಳು ಜಿಲ್ಲೆಗಳಿಂದ ಜನ ಊರು ಬಿಟ್ರು. ಕೆಲವರು ರೈಲು ಹತ್ತಿ ಇಲ್ಲಿಗೆ ಬಂದ್ರು. ಉಳಿದವರು ಹಡಗು ಹತ್ತಿದ್ರು. ಅವರ ಕೈಗೆ ಏನು ಕಾಗದ ಕೊಟ್ರು ಅಂತ ನೋಡೋಣ.

ದಕ್ಷಿಣ ಆಫ್ರಿಕಾದ ನಟಾಲ್: ಮದ್ರಾಸಿಂದ ಮೊದಲ ಹಡಗು "ಟ್ರೂರೋ" 1860ರ ನವೆಂಬರ್ 16ರಂದು ಡರ್ಬನ್ ಸೇರಿತು. 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಕಬ್ಬಿನ ತೋಟದ ಕರಾರಿಗೆ ಹೋದ್ರು. ಅವರಲ್ಲಿ ಉತ್ತರ ಆರ್ಕಾಟ್‌ನವರು ಬಹಳ. ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ತಾಲ್ಲೂಕು, ಹಳ್ಳಿ, ಮೈ ಮೇಲಿನ ಗಾಯದ ಗುರುತು ಬರೀತಿದ್ರು. ಜೊತೆಗೆ ಒಂದು ನಂಬರ್. ಅಲ್ಲಿ ಹೆಸರಿಗಿಂತ ನಂಬರೇ ಮುಖ್ಯ.

ಸಿಲೋನ್, ಅಂದ್ರೆ ಇವತ್ತಿನ ಶ್ರೀಲಂಕಾ: ಟೀ ತೋಟಕ್ಕೆ ಹೋಗೋರ ಕತ್ತಿಗೆ ತಗಡಿನ ಬಿಲ್ಲೆ ಕಟ್ತಿದ್ರು. ಇಂಗ್ಲಿಷಲ್ಲಿ ಇದಕ್ಕೆ ಟಿನ್ ಟಿಕೆಟ್ ಅಂತ ಹೆಸರು. ಅದರ ಮೇಲೆ ಯಾವ ಜಿಲ್ಲೆ, ಯಾವ ತೋಟ ಅನ್ನೋ ಗುರುತು. ಆ ಬಿಲ್ಲೆ ತೋರಿಸಿದ್ರೆ ರೈಲು, ಹಡಗು ಎಲ್ಲಾ ಸಾಲದ ಮೇಲೆ. ಖರ್ಚು ತೋಟದ ಲೆಕ್ಕಕ್ಕೆ, ಆಮೇಲೆ ಆಳಿನ ತಲೆಗೆ. ನಮ್ಮ ಭಾಷೇಲಿ ಹೇಳೋದಾದ್ರೆ ಅದು ಗುರುತಿನ ಚೀಟಿ ಅಲ್ಲ, ಡೆಬಿಟ್ ನೋಟ್! ಅಲ್ಲಿ ಹೋದ ಮೇಲೆ "ತುಂಡು" ಅಂತ ಇನ್ನೊಂದು ಚೀಟಿ. ಸಾಲ ತೀರಿದೆ ಅಂತ ತುಂಡು ಸಿಗದೆ ಬೇರೆ ತೋಟದವರು ಕೆಲಸಕ್ಕೆ ತಗೋತಿರಲಿಲ್ಲ. ಈ ಪದ್ಧತಿ ರದ್ದಾಗಿದ್ದು 1921ರಲ್ಲಿ.

ಇಷ್ಟು ಕಾಗದದಲ್ಲಿ ಒಂದಾದ್ರೂ ಅವರದ್ದಾ? ಕತ್ತಿಗೆ ನೇತಾಡ್ತಿದ್ದದ್ದು ಅವರದ್ದೇ ಮೈ ಮೇಲೆ. ಆದ್ರೆ ಅದರಲ್ಲಿ ಬರೆದಿದ್ದು ಮಾಲೀಕನ ವಿಳಾಸ.

ಒಂದು ತಿರುವು ಮಾತ್ರ ಇದೆ. ಡರ್ಬನ್‌ನಲ್ಲಿರೋ ಅವರ ಮರಿಮಕ್ಕಳು ಇವತ್ತು ತಮ್ಮ ಹಳ್ಳಿ ಯಾವುದು ಅಂತ ಹುಡುಕೋದು ಅದೇ ಹಡಗಿನ ಪಟ್ಟಿ, ಅದೇ ನಂಬರ್ ಹಿಡಿದು. ಕಟ್ಟಿಹಾಕೋಕೆ ಬರೆದಿದ್ದು ಊರಿನ ದಾರಿ ತೋರಿಸ್ತಿದೆ.

ಭಾಗ 4: ಹೆಬ್ಬೆರಳು

ಆಧಾರ್ ಸೆಂಟರಲ್ಲಿ ಬೆರಳು ಒರೆಸಿ ಒರೆಸಿ ಇಟ್ಟಿದ್ದೀರಲ್ಲಾ, ಆ ಬೆರಳಚ್ಚಿನ ಕಥೆ ನಮ್ಮ ದೇಶದ್ದೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ, ರಸ್ತೆ ಸಾಮಗ್ರಿ ಕೊಡೋ ಒಬ್ಬ ಕಾಂಟ್ರಾಕ್ಟರ್ ಮುಂದೆ ಮಾತು ಬದಲಿಸಬಾರದು ಅಂತ ಕರಾರು ಪತ್ರದ ಮೇಲೆ ಅವನ ಅಂಗೈ ಅಚ್ಚು ಹಾಕಿಸಿದ. ಕಾಂಟ್ರಾಕ್ಟ್ ಆ್ಯಕ್ಟ್ ಓದ್ತಿರೋರು ಇದನ್ನ ನೋಟ್ ಮಾಡ್ಕೊಳ್ಳಿ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಅಚ್ಚುಗಳನ್ನ ವಿಂಗಡಿಸೋ ಲೆಕ್ಕಾಚಾರದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರ ದೊಡ್ಡ ಪಾಲಿತ್ತು. ಆದ್ರೆ ಆ ಪದ್ಧತಿಗೆ ಉಳಿದ ಹೆಸರು ಅವರ ಸಾಹೇಬ ಹೆನ್ರಿಯದ್ದು.

ಬೇಗನೆ ಅದು ಕರಾರಿಂದ ಜೈಲಿಗೆ ಹೋಯ್ತು. ಕೈದಿಗಳು, "ಅಪರಾಧಿ ಬುಡಕಟ್ಟು" ಅಂತ ಬ್ರಿಟಿಷರು ಹಣೆಪಟ್ಟಿ ಹಚ್ಚಿದ ಸಮುದಾಯಗಳು, ಇವರ ಬೆರಳಚ್ಚು ತಗೋತಿದ್ರು. ಅದಕ್ಕೇ ಬೆರಳು ಒತ್ತು ಅಂದ್ರೆ ಜನಕ್ಕೆ "ನೀನು ಕಳ್ಳ" ಅಂದ ಹಾಗೆ.

1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಅಲ್ಲಿನ ಭಾರತೀಯರೆಲ್ಲಾ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿ, ಸರ್ಟಿಫಿಕೇಟ್ ಜೇಬಲ್ಲೇ ಇಟ್ಕೊಂಡು ಓಡಾಡಬೇಕು ಅಂದಾಗ ಗಾಂಧೀಜಿ ವಿರೋಧಿಸಿದ್ದು ನಿಮಗೆ ಗೊತ್ತು. ಸೆಪ್ಟೆಂಬರ್ 11ರ ಜೊಹಾನ್ಸ್‌ಬರ್ಗ್ ಸಭೆ ಅದೇ. 1908ರ ಆಗಸ್ಟ್ 16ಕ್ಕೆ ಹಮೀದಿಯಾ ಮಸೀದಿ ಮುಂದೆ ಸಾವಿರಾರು ಸರ್ಟಿಫಿಕೇಟ್ ಸುಟ್ಟರು.

ಆದ್ರೆ ಇದು ನಿಮಗೆ ಗೊತ್ತಾ? 1930ರಲ್ಲಿ ನಮ್ಮ ಕೆಜಿಎಫ್‌ನಲ್ಲೂ ಬೆರಳಚ್ಚಿನ ವಿರುದ್ಧ ಮುಷ್ಕರ ಆಯ್ತು. ಗಣಿ ಕೆಲಸಗಾರರೆಲ್ಲಾ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. ಯೋಚಿಸಿ, ಒಂದು ಗಣಿಯಲ್ಲಿ ಮೇಸ್ತ್ರಿ ಜೊತೆ ಜಗಳ ಆದ್ರೆ ಇನ್ನೊಂದು ಗಣಿಗೆ ಹೋಗಿ ಬೇರೆ ಹೆಸರು ಹೇಳಿ ಸೇರಬಹುದಿತ್ತು. ಬೆರಳಿಗೆ ಬೇರೆ ಹೆಸರಿಲ್ಲ. ಅಚ್ಚು ಕಂಪನಿ ಬೀರು ಸೇರಿದ್ರೆ ನಿಮ್ಮ ಹಳೇ ಕಥೆ ಎಲ್ಲಾ ಅವರ ಕೈಲಿ, ನಿಮ್ಮ ಕೈಲಿ ಏನೂ ಇಲ್ಲ. ಓದು ಬರಹ ಇಲ್ಲದ ಜನ ಇದನ್ನ ಅರ್ಥ ಮಾಡ್ಕೊಂಡಿದ್ರು. ನಾವು ಆ್ಯಪ್‌ಗೆ ಅಲೋ ಒತ್ತುವಾಗ ಅಷ್ಟು ಯೋಚನೆ ಮಾಡ್ತೀವಾ?

ಭಾಗ 5: ನೀಲಿ ಪುಸ್ತಕ ಬಂದಿದ್ದು

1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಅನ್ನೋ ಹಡಗು 376 ಜನರ ಜೊತೆ ಕೆನಡಾದ ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನವರು, ಬ್ರಿಟಿಷ್ ಪ್ರಜೆಗಳು. ಕೆನಡಾ ಕೂಡ ಬ್ರಿಟಿಷರದ್ದೇ ಸಾಮ್ರಾಜ್ಯ. ಆದ್ರೂ ಇಳಿಯೋಕೆ ಬಿಡಲಿಲ್ಲ. ಸ್ವಂತ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದಿರಬೇಕು ಅನ್ನೋದು ರೂಲು. ಭಾರತದಿಂದ ನೇರ ಹಡಗೇ ಇರಲಿಲ್ಲ! ಎರಡು ತಿಂಗಳು ದಡದಲ್ಲಿ ಕಾಯಿಸಿ ವಾಪಸ್ ಕಳಿಸಿದ್ರು.

ಅದೇ ವರ್ಷ ಮೊದಲ ಮಹಾಯುದ್ಧ. ಎಲ್ಲಾ ದೇಶಗಳೂ ಗಡಿ ಬಿಗಿ ಮಾಡಿದ್ವು. "ಯುದ್ಧ ಮುಗಿಯೋವರೆಗೆ" ಅಂತ ಬಂದ ಪಾಸ್‌ಪೋರ್ಟ್ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸ್‌ನಲ್ಲಿ ಸಭೆ ಕರೆದು ಎಲ್ಲಾ ದೇಶಕ್ಕೂ ಒಂದೇ ಮಾದರಿ ಪುಸ್ತಕ ಇರಲಿ ಅಂತು. ನಮ್ಮಲ್ಲೂ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ.

ಆಗಿನ ಪಾಸ್‌ಪೋರ್ಟ್ ಮೇಲೆ ಇದ್ದದ್ದು "ಇಂಡಿಯನ್ ಎಂಪೈರ್". ಒಳಗೆ ಒಂದು ತಮಾಷೆ ಇದೆ. ಉತ್ತರ ಆರ್ಕಾಟ್‌ನಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಬೌರಿಂಗ್‌ಪೇಟೆಯಲ್ಲಿ ಹುಟ್ಟಿದವನು ಮೈಸೂರು ಮಹಾರಾಜರ ಪ್ರಜೆ, ಅಂದ್ರೆ ಬ್ರಿಟಿಷರ ಲೆಕ್ಕದಲ್ಲಿ "ಬ್ರಿಟಿಷ್ ರಕ್ಷಿತ ವ್ಯಕ್ತಿ". ಒಂದೇ ಶಾಫ್ಟ್‌ಗೆ ಇಳಿಯೋ ಇಬ್ಬರು ಕಾಗದದಲ್ಲಿ ಬೇರೆ ಬೇರೆ! 1950ರಲ್ಲಿ ಸಂವಿಧಾನ ಬಂದು ಇಬ್ಬರೂ ಭಾರತದ ನಾಗರಿಕರಾದ್ರು.

ಭಾಗ 6: ಕಾಗದ ಇಲ್ಲದಿದ್ರೆ?

ಭಾಗ 3ರಲ್ಲಿ ಸಿಲೋನಿಗೆ ಹೋದವರನ್ನ ಬಿಟ್ಟು ಬಂದೆ. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿದ್ರು. ಆದ್ರೆ 1948ರ ಸಿಲೋನ್ ಪೌರತ್ವ ಕಾಯ್ದೆ ಅವರಲ್ಲಿ ಹೆಚ್ಚಿನವರನ್ನ ಹೊರಗಿಟ್ಟಿತು. ಅಪ್ಪನೂ ಅಲ್ಲೇ ಹುಟ್ಟಿದ್ದ ಅನ್ನೋಕೆ ದಾಖಲೆ ತೋರಿಸಬೇಕಿತ್ತು. ಕತ್ತಲ್ಲಿ ತಗಡಿನ ಬಿಲ್ಲೆ ಕಟ್ಟಿಕೊಂಡು ಹೋದವರ ಮನೇಲಿ ಬರ್ತ್ ಸರ್ಟಿಫಿಕೇಟ್ ಎಲ್ಲಿಂದ ಬರುತ್ತೆ? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದ್ರು.

1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದ ಮಾಡಿಕೊಂಡು 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಅಂತ ಹಂಚಿಕೊಂಡ್ರು. ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡಿದ ಹಾಗೆ. ಹಾಗೆ ಬಂದವರಲ್ಲಿ ಒಂದಷ್ಟು ಜನ ನಮ್ಮ ರಾಜ್ಯದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದ್ದಾರೆ. ನಮ್ಮ ಮುತ್ತಾತ ರೈಲಿನ ಬದಲು ಹಡಗು ಹತ್ತಿದ್ರೆ ನಾನೂ ಅಲ್ಲಿರ್ತಿದ್ದೆನೋ ಏನೋ.

ಇತ್ತ ಭಾರತದಲ್ಲೂ 1967ರವರೆಗೆ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಇಷ್ಟ ಆಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಅನ್ನೋ ವ್ಯಾಪಾರಿ ಸುಪ್ರೀಂ ಕೋರ್ಟಿಗೆ ಹೋದ್ರು. ಐದು ಜಡ್ಜ್‌ಗಳಲ್ಲಿ ಮೂವರು ಹೇಳಿದ್ರು: ವಿದೇಶಕ್ಕೆ ಹೋಗೋದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ತಡೆಯೋ ಹಾಗಿಲ್ಲ. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1977ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟನ್ನ ಕಾರಣ ಹೇಳದೆ ಜಪ್ತಿ ಮಾಡಿದಾಗ, ಕಿತ್ತುಕೊಳ್ಳೋ ವಿಧಾನವೂ ನ್ಯಾಯವಾಗಿರಬೇಕು ಅಂತ 1978ರ ತೀರ್ಪು ಬಂತು. ಇವತ್ತಿಗೂ ಎಷ್ಟೋ ಹಕ್ಕುಗಳ ಕೇಸು ಆ ತೀರ್ಪಿನ ಮೇಲೆ ನಿಂತಿದೆ. ಅಂದ್ರೆ, ಒಂದು ಸಣ್ಣ ಪುಸ್ತಕ ಯಾರ ಕೈಲಿರಬೇಕು ಅನ್ನೋ ಜಗಳ ಅದು.

ಭಾಗ 7: ಹತ್ತನೇ ಕ್ಲಾಸು ಅನ್ನೋ ಗಡಿ

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿಂದ ನಮ್ಮೂರಿನ ಗಡಿ ಅಂದ್ರೆ ಮಾರಿಕುಪ್ಪಂನಿಂದ ಬೆಂಗಳೂರಿನ ಟ್ರೈನು, ಗುರುತಿನ ಚೀಟಿ ಅಂದ್ರೆ ಸೀಸನ್ ಪಾಸು. ಕೆಲವರು ಇನ್ನೂ ದೂರ ಹೋದ್ರು. ಚಿಕ್ಕಪ್ಪ ಅವರಲ್ಲೊಬ್ಬರು. ಓದಿದ್ದು ಒಂಬತ್ತನೇ ಕ್ಲಾಸು.

ಅವರ ಪಾಸ್‌ಪೋರ್ಟಲ್ಲಿ "ಇಸಿಆರ್" ಅಂತ ಇದೆ. 1983ರ ವಲಸೆ ಕಾಯ್ದೆ ಪ್ರಕಾರ, ಹತ್ತನೇ ಕ್ಲಾಸ್ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದ್ರೆ ಸರ್ಕಾರದಿಂದ ಪ್ರತ್ಯೇಕ ಅನುಮತಿ ಬೇಕು. ಮೋಸ ಹೋಗಬಾರದು ಅನ್ನೋದು ಉದ್ದೇಶ, ಒಳ್ಳೇದೇ. ಆ ಅನುಮತಿ ಜೊತೆ 10 ಲಕ್ಷದ ವಿಮೆಯೂ ಬರುತ್ತೆ. ಆದ್ರೆ ಚಿಕ್ಕಪ್ಪ ಹೇಳೋದು: "ಕೌಂಟರಲ್ಲಿ ಎಲ್ಲರ ಮುಂದೆ ಆ ಪುಟ ತಿರುಗಿಸಿದಾಗ ಮಾರ್ಕ್ಸ್ ಕಾರ್ಡ್ ತೋರಿಸಿದ ಹಾಗಾಗುತ್ತೆ."

2018ರ ಜನವರಿಯಲ್ಲಿ ಸರ್ಕಾರ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡೋಣ ಅಂತು. ದೂರದಿಂದಲೇ ಗೊತ್ತಾಗುತ್ತೆ ಇವನು ಓದಿಲ್ಲ ಅಂತ. ವಿರೋಧ ಬಂತು, ಅದೇ ತಿಂಗಳು ವಾಪಸ್ ತಗೊಂಡ್ರು. ಕತ್ತಿನ ತಗಡಿನ ಬಿಲ್ಲೆ ನೆನಪಾಯ್ತಾ?

ಇನ್ನು ನಮ್ಮ ಹೆಸರಿನ ಗೋಳು. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮುಂದೆ, ಆಧಾರಲ್ಲಿ ಹಿಂದೆ, ಪ್ಯಾನಲ್ಲಿ ಅಪ್ಪನ ಹೆಸರು ಪೂರ್ತಿ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ತಮಿಳಲ್ಲಿ ಒಂದು ಸ್ಪೆಲ್ಲಿಂಗ್, ಕನ್ನಡದಿಂದ ಇಂಗ್ಲಿಷಿಗೆ ಇನ್ನೊಂದು. ಮುಂಚೆ 1989ರ ಜನವರಿ 26ರ ನಂತರ ಹುಟ್ಟಿದವರಿಗೆ ಬರ್ತ್ ಸರ್ಟಿಫಿಕೇಟೇ ಬೇಕಿತ್ತು. 2016ರ ಕೊನೆಯಲ್ಲಿ ಅದನ್ನ ಸಡಿಲ ಮಾಡಿ ಟಿಸಿ, ಮಾರ್ಕ್ಸ್ ಕಾರ್ಡ್, ಪ್ಯಾನ್, ಆಧಾರ್ ಕೂಡ ಒಪ್ಪಿದ್ರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರಿದ್ರೂ ಸಾಕು. ಆದ್ರೆ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಮತ್ತೆ ಬರ್ತ್ ಸರ್ಟಿಫಿಕೇಟ್ ಮಾತ್ರ. ಅಕ್ಕನ ಮಗು ಇದ್ರೆ ಈಗಲೇ ಮಾಡಿಸಿಡೋಕೆ ಹೇಳಿ.

ಭಾಗ 8: ಬೀರು ಕೀ

ಪ್ಲೇಗ್ ಚೀಟಿ, ನಟಾಲ್ ನಂಬರ್, ತಗಡಿನ ಬಿಲ್ಲೆ, ಬೆರಳಚ್ಚು, ಪಾಸ್‌ಪೋರ್ಟ್. ಇಷ್ಟನ್ನೂ ಓದಿದ ಮೇಲೆ ನನಗೆ ಅನ್ಸಿದ್ದು ಒಂದೇ. ಕಾಗದದಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ಅದು ಯಾರ ಬೀರುವಿನಲ್ಲಿದೆ ಅನ್ನೋದು ಮುಖ್ಯ. ಅದೇ ಪುಸ್ತಕ ನಿಮ್ಮ ಕೈಲಿದ್ರೆ ಊರಿಗೆ ವಾಪಸ್ ಬರೋ ದಾರಿ. ಬೇರೆಯವರ ಕೈಲಿದ್ರೆ ಬೇಲಿ.

ಕಾನೂನು ಏನನ್ನುತ್ತೆ? 1967ರ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ. ನಿಮ್ಮದೂ ಅಲ್ಲ, ಏಜೆಂಟ್‌ದಂತೂ ಅಲ್ಲವೇ ಅಲ್ಲ. ಅದನ್ನ ಮುಟ್ಟುಗೋಲು ಹಾಕ್ಕೊಳ್ಳೋ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ, ಪೊಲೀಸರಿಗೂ ಇಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕತಾರ್, ಯುಎಇಯಲ್ಲಿ ಕೂಡ ಮಾಲೀಕರು ಕೆಲಸಗಾರರ ಪಾಸ್‌ಪೋರ್ಟ್ ಇಟ್ಟುಕೊಳ್ಳೋದು ಅಲ್ಲಿನ ಕಾನೂನಿಗೇ ವಿರುದ್ಧ. ಚಿಕ್ಕಪ್ಪನಿಗೆ ಇದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ಕೊನೇ ಪಕ್ಷ ರಾಯಭಾರ ಕಚೇರಿಗೆ ಫೋನ್ ಮಾಡ್ತಿದ್ವಿ.

ಅದಕ್ಕೇ ಏಜೆಂಟ್ ಹತ್ರ ಹೋಗೋ ನನ್ನ ಇಬ್ಬರು ಫ್ರೆಂಡ್ಸ್‌ಗೆ, ನಿಮಗೂ:

ಏಜೆಂಟ್‌ಗೆ ಸರ್ಕಾರದ ಲೈಸೆನ್ಸ್ ಇದೆಯಾ ಅಂತ ಇ-ಮೈಗ್ರೇಟ್ ಪೋರ್ಟಲಲ್ಲಿ ನೋಡಿ.

ಅವರು ತಗೋಬಹುದಾದ ಫೀಸು ಹೆಚ್ಚೆಂದ್ರೆ 30,000 ಮತ್ತು ಜಿಎಸ್‌ಟಿ. ರಸೀದಿ ಕೇಳಿ.

ವೀಸಾ ಸ್ಟಾಂಪಿಂಗ್‌ಗೆ ಒರಿಜಿನಲ್ ಬೇಕಾಗುತ್ತೆ, ಅದು ನಿಜ. ಆದ್ರೆ ಮೊದಲ ದಿನ ಅಲ್ಲ. ಕೊಟ್ಟರೆ ಬರೆಸ್ಕೊಳ್ಳಿ, ವಾಪಸ್ ಯಾವತ್ತು ಅನ್ನೋದನ್ನೂ ಬರೆಸ್ಕೊಳ್ಳಿ.

ಪ್ರತಿ ಪುಟದ ಫೋಟೋ ತೆಗೆದು ಮನೆಯವರಿಗೆ ಕಳಿಸಿ, ನಿಮ್ಮ ಫೋನಲ್ಲಷ್ಟೇ ಇಟ್ಕೋಬೇಡಿ.

ನೇಪಾಳ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ: ಪಾಸ್‌ಪೋರ್ಟ್ ಇಲ್ಲದಿದ್ರೆ ವೋಟರ್ ಐಡಿ ಸಾಕು. ನಮ್ಮ ವಯಸ್ಸಿನವರಿಗೆ ಆಧಾರ್ ನಡೆಯಲ್ಲ.

ಚಿಕ್ಕಪ್ಪ ಹೋದ ವರ್ಷ ಪೂರ್ತಿಯಾಗಿ ಊರಿಗೆ ಬಂದ್ರು. ಈಗ ಬಂಗಾರಪೇಟೆಯಲ್ಲಿ ವೈರಿಂಗ್ ಕೆಲಸ ಮಾಡ್ತಾರೆ. ಈ ಫೋಟೋಗೆ ಪಾಸ್‌ಪೋರ್ಟ್ ಕೇಳಿದಾಗ ಟ್ರಂಕಿಂದ ತೆಗೆದು ಕೊಟ್ರು, ಫೋಟೋ ತೆಗೆಯೋವರೆಗೂ ಪಕ್ಕದಲ್ಲೇ ನಿಂತಿದ್ರು. ಮುಗಿದ ಕೂಡಲೇ ಕೈ ಚಾಚಿದ್ರು. ಬೀಗ ಹಾಕಿ ಕೀ ಸೊಂಟದ ದಾರಕ್ಕೆ ಕಟ್ಕೊಂಡ್ರು.

ನಿಮ್ಮ ಮನೇಲೂ ಹಳೇ ಗಣಿ ಕಾರ್ಡ್, ಪಾಸ್, ಪಾಸ್‌ಪೋರ್ಟ್ ಇದ್ರೆ ಅದರ ಕಥೆ ನನಗೆ ಮೆಸೇಜ್ ಮಾಡಿ. ನಂಬರ್, ಹೆಸರು ಮುಚ್ಚಿ ಫೋಟೋ ಕಳಿಸಿ. ತಾತ ಅಜ್ಜಿ ಇರೋವಾಗಲೇ ಕೇಳಿಬಿಡಿ. ಸೇವ್ ಮಾಡ್ಕೊಳ್ಳಿ, ಏಜೆಂಟ್ ಹತ್ರ ಹೋಗೋ ಫ್ರೆಂಡ್‌ಗೆ ಶೇರ್ ಮಾಡಿ.

#ಕೆಜಿಎಫ್ #ಬಂಗಾರಪೇಟೆ #ನಮ್ಮೂರ_ಇತಿಹಾಸ #ಪಾಸ್‌ಪೋರ್ಟ್_ಕಥೆ